ಖಾಲಿ ಕೊರಳು

ಹೊಸಮನೆ, ಶಿವಮೊಗ್ಗ
17-8-1998, ಸೋಮವಾರ

ಕವನಾಗೆ ಪ್ರಿಯಕ್ಕ ಬರೆಯುವ ಕಾಗದ.

ನಾನಿಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಫ್ಯಾನು ನೋಡುತ್ತ ಬಿದ್ದಿದ್ದೇನೆ. ಡಾಕ್ಟರಮ್ಮ ಮಂಚ ಬಿಟ್ಟು ಇಳಿಯಬೇಡ ಎಂದಿದ್ದಾರೆ. ಬಸ್ಸಂತೂ ಹೆರಿಗೆಯಾಗುವ ತನಕ ಕನಸಿನಲ್ಲೂ ಹತ್ತಬಾರದಂತೆ. ಫ್ಯಾನಿನ ರೆಕ್ಕೆಯ ಮೇಲೆ ಎಷ್ಟು ಧೂಳಿದೆ ಎಂಬುದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಾನು ಬರುವ ಹಾಗಿಲ್ಲ ಸರಿ. ಅಮ್ಮನಿಗೇನಾಗಿದೆ? ಶ್ರಾವಣದ ಮೊದಲ ಸೋಮವಾರ ಬಂದು ಹೋದವಳು ಆಮೇಲೆ ಇತ್ತ ತಲೆ ಹಾಕಿಲ್ಲ. ಭದ್ರಾವತಿಯೇನು ಕಾಶಿಯೇ? ಹತ್ತು ನಿಮಿಷಕ್ಕೊಂದು ಬಸ್ಸು. ಅವಳ ಬದಲು ಕಾಗದ ಬರುತ್ತದೆ, ಅದೂ ನಿನ್ನ ಕೈಬರಹದಲ್ಲಿ. ಅಮ್ಮನಿಗೆ ರುಜು ಹಾಕುವಷ್ಟೇ ಅಕ್ಷರ, ಅಪ್ಪಾಜಿಗೆ ಮಿಲ್ಲಿನ ಪಾಳಿ, ಪಕ್ಕದ ಕ್ವಾರ್ಟರ್ಸಿನ ನೀನು ಕೂತು ಬರೆಯುತ್ತೀಯ. ಮೂರು ವರ್ಷದಿಂದ ನಡೆದುಕೊಂಡು ಬಂದಿದೆ, ನಾನೂ ಒಪ್ಪಿಕೊಂಡಿದ್ದೇನೆ. ಆದರೆ ಹೋದ ಕಾಗದದಲ್ಲಿ ನಿನ್ನ ಸ್ವಂತ ಮಾತು ಬರೆಯುವಾಗಲೂ ‘ಅಮ್ಮ ಮಲಗಿದ್ದಾರೆ’, ‘ಅಮ್ಮ ಊಟ ಮಾಡಿದರು’ ಎಂದು ಹನ್ನೊಂದು ಸಲ ಬರೆದಿದ್ದೀಯ. ಕೆಲಸವಿಲ್ಲದವಳು, ಎಣಿಸಿದೆ. ಮೊದಲೆಲ್ಲ ‘ಕಲ್ಲಮ್ಮತ್ತೆ’ ಎನ್ನುತ್ತಿದ್ದೆಯಲ್ಲ ಮಾರಾಯ್ತಿ, ಬಡ್ತಿ ಯಾವಾಗ ಸಿಕ್ಕಿತು?

ಅದಿರಲಿ, ಈಗ ನಿಜವಾದ ಸಂಗತಿಗೆ ಬರುತ್ತೇನೆ. ಶನಿವಾರ ನಮ್ಮನೆಯವರು ಕಾಲೇಜಿನಲ್ಲಿ ಬಾವುಟ ಹಾರಿಸಿ ಹಾಗೇ ಕಾಗದನಗರಕ್ಕೆ ಹೋಗಿ ಬಂದರಷ್ಟೆ. ರಾತ್ರಿ ಊಟಕ್ಕೆ ಕೂತಾಗ ಬಾಯಿತಪ್ಪಿ ಹೇಳಿದರು: ‘ಕವನ ಕರಡಿಗೆ ಹಾಕ್ಕೊಂಡಿದಾಳೆ ಕಣೆ. ಥೇಟ್ ನಿಮ್ಮ ಮನೆ ಹುಡುಗಿ ಥರಾನೇ ಕಾಣ್ತಾಳೆ.’ ಹೇಳಿದವರೇ ನಾಲಿಗೆ ಕಚ್ಚಿಕೊಂಡು, ಸಾರು ಹಾಕಮ್ಮ ಎಂದು ನಮ್ಮತ್ತೆಯ ಕಡೆ ತಿರುಗಿದರು. ಯಾವ ಕರಡಿಗೆ ಎಂದು ಕೇಳಿದರೆ, ಬೆಳ್ಳಿಯದು, ಮುಚ್ಚಳದ ಅಂಚು ಸ್ವಲ್ಪ ನೆಗ್ಗಿದೆ ಎಂದರು.

ಅದು ನಮ್ಮಜ್ಜಿಯ ಕರಡಿಗೆ. ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಅದರೊಳಗೆ ಅಮ್ಮನ ಇಷ್ಟಲಿಂಗ ಇರುತ್ತದೆ, ಅದು ಅಮ್ಮನ ಎದೆಯ ಮೇಲೆ ಇರುತ್ತದೆ, ನನಗೆ ಬುದ್ಧಿ ಬಂದಾಗಿನಿಂದ ಹಾಗೇ ಇದೆ. ನಿಮ್ಮ ಮನೆಯ ದೇವರು ಚೌಡಮ್ಮ, ಭಾನುವಾರ ಬಂದರೆ ನಿಮ್ಮ ಅಡುಗೆಮನೆಯಿಂದ ಮೀನಿನ ವಾಸನೆ. ನಿನಗೇಕೆ ಶಿವದಾರ? ಅವರು ಬೇರೆ ಯಾರದೋ ನೋಡಿ ತಪ್ಪು ತಿಳಿದಿದ್ದರೆ ಹಾಗೆಂದು ಬರೆ, ನಕ್ಕು ಸುಮ್ಮನಾಗುತ್ತೇನೆ.

ನಿನ್ನ
ಪ್ರಿಯದರ್ಶಿನಿ


ಕಾಗದನಗರ, ಭದ್ರಾವತಿ
20-8-1998

ಪ್ರೀತಿಯ ಪ್ರಿಯಕ್ಕನಿಗೆ ಕವನ ಮಾಡುವ ನಮಸ್ಕಾರಗಳು.

ಕಲ್ಲಮ್ಮತ್ತೆ ಚೆನ್ನಾಗಿದ್ದಾರೆ. ಬಲಗೈ ಎತ್ತಿದರೆ ನೋವು ಎನ್ನುತ್ತಾರೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲಾಗುವುದಿಲ್ಲ, ಅದಕ್ಕೇ ಬಂದಿಲ್ಲ. ನೀವು ಹಾಲು ಕುಡಿಯುತ್ತೀರೋ ಇಲ್ಲವೋ ಎಂದು ದಿನಾ ಕೇಳುತ್ತಾರೆ, ನನ್ನನ್ನು ಕೇಳಿದರೆ ನನಗೆ ಹೇಗೆ ಗೊತ್ತಾಗಬೇಕು. ಈ ವಾರ ಅವರಿಗೆ ನಾಲ್ಕು ಹೊಸ ಬ್ಲೌಸ್ ಹೊಲಿದುಕೊಟ್ಟೆ. ಹಳೆಯವು ಸರಿಯಾಗುತ್ತಿರಲಿಲ್ಲ.

ಜ್ಞಾನೇಶಣ್ಣ ನೋಡಿದ್ದು ನಿಜ. ನಾನು ಕರಡಿಗೆ ಹಾಕಿಕೊಂಡಿದ್ದೇನೆ. ಖಾಲಿ ಕರಡಿಗೆಯಲ್ಲ, ಅತ್ತೆಯ ಲಿಂಗ ಒಳಗೇ ಇದೆ. ಅವರೇ ಹಾಕಿದರು, ನಾನು ಕೇಳಿ ಹಾಕಿಸಿಕೊಂಡದ್ದಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅವರ ಮನೆಗೆ ಹೋಗುತ್ತೇನೆ. ಅವರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುತ್ತಾರೆ, ಆಮೇಲೆ ಕರಡಿಗೆ ಮತ್ತೆ ನನ್ನ ಕೊರಳಿಗೆ ಬರುತ್ತದೆ. ಇನ್ನು ಕೆಲವು ದಿನ ಮಾತ್ರ. ಯಾಕೆ ಎಂದು ಕೇಳಬೇಡಿ ಅಕ್ಕ, ಹೇಳುವ ಹಾಗಿಲ್ಲ.

ಹಾಕಿಕೊಂಡಾಗಿನಿಂದ ಮೀನು ಮುಟ್ಟಿಲ್ಲ. ನಮ್ಮವ್ವ ಕರಿಬಸಮ್ಮನ ಬಾಯಿ ನಿಮಗೆ ಗೊತ್ತಲ್ಲ. ‘ನಿನ್ನ ಹೆತ್ತೋಳು ನಾನೋ ಅವಳೋ? ಅವರ ದೇವ್ರನ್ನ ನೀನ್ಯಾಕೆ ಹೊರ್ತೀಯ, ನಮ್ಮ ಚೌಡಮ್ಮ ಸುಮ್ನಿರ್ತಾಳಾ?’ ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಅವಳಿಗೂ ಏನೂ ಹೇಳಿಲ್ಲ.

ಹಾಲು ಕುಡಿಯಿರಿ.

ಕವನ


ಹೊಸಮನೆ, ಶಿವಮೊಗ್ಗ
24-8-1998, ಗೌರಿ ಹಬ್ಬ

ಕವನಾ,

ಇವತ್ತು ಗೌರಿ ಹಬ್ಬ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ತವರಿನಿಂದ ಬಾಗಿನ ಬಂತು. ನನಗೆ ತವರಿನಿಂದ ಬಂದದ್ದು ನಿನ್ನ ಕಾಗದ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ‘ಅವರೇ ಹಾಕಿದರು, ಹೇಳುವ ಹಾಗಿಲ್ಲ.’ ನನ್ನ ತಾಯಿಯ ವಿಷಯ ನನಗೆ ಹೇಳುವ ಹಾಗಿಲ್ಲ, ನಿನಗೆ ಗೊತ್ತಿರಬಹುದು! ಕೈನೋವಂತೆ. ಕೈನೋವಿಗೂ ಕೊರಳಿನ ಲಿಂಗಕ್ಕೂ ಏನು ಸಂಬಂಧ? ನಾಲ್ಕು ಹೊಸ ಬ್ಲೌಸ್ ಹೊಲಿಸಿಕೊಂಡು ಓಡಾಡುವಷ್ಟು ಗಟ್ಟಿಯಾಗಿದ್ದಾಳಲ್ಲ.

ನನಗೆ ಎಂಟು ವರ್ಷವಿದ್ದಾಗ ಒಂದು ದಿನ ಅಮ್ಮ ಪೂಜೆಗೆ ಕೂತಿದ್ದಳು. ಅಂಗೈಯಲ್ಲಿದ್ದ ಲಿಂಗ ನೇರಳೆ ಹಣ್ಣಿನ ಹಾಗೆ ಹೊಳೆಯುತ್ತಿತ್ತು. ಮುಟ್ಟಲು ಹೋದೆ. ಮಣಿಕಟ್ಟಿಗೆ ಎಂಥ ಏಟು ಕೊಟ್ಟಳೆಂದರೆ ಸಂಜೆಯವರೆಗೆ ಉರಿಯುತ್ತಿತ್ತು. ‘ನನ್ನ ಲಿಂಗ ನನಗೆ, ನಿನ್ನ ಲಿಂಗ ನಿನಗೆ. ಒಂದು ಮೈಗೆ ಒಂದೇ. ಇನ್ನೊಬ್ಬರದ್ದಕ್ಕೆ ಕೈ ಹಾಕಬಾರ್ದು’ ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬೆರಳು ತಾಗಿಸಿದರೆ ಏಟು. ಪಕ್ಕದ ಮನೆಯವಳ ಕೊರಳಿಗೆ ಕೈಯಾರೆ ಕಟ್ಟುತ್ತಾಳೆ!

ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತೀಯ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಟ್ಟು ಏನಾಗಬೇಕು? ನಾನು ಮದುವೆಯಾಗಿ ಈ ಕಡೆ ಬರುತ್ತಿದ್ದಂತೆ ಬೆಚ್ಚಗಿನ ಒಲೆಯ ಮೇಲೆ ಬೆಕ್ಕು ಬಂದು ಮಲಗಿದ ಹಾಗೆ ನೀನು ನನ್ನ ಜಾಗದಲ್ಲಿ ಬಂದು ಸೇರಿಕೊಂಡೆ. ಮೊದಲು ಕಾಗದ ಬರೆಯಲು ಬಂದೆ, ಆಮೇಲೆ ತಲೆಗೆ ಎಣ್ಣೆ ಹಚ್ಚಲು ಬಂದೆ, ಹೋದ ದೀಪಾವಳಿಗೆ ನಾನು ಬಂದಾಗ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಅಮ್ಮ ಕೇಳಿದ್ದು ನಿನ್ನನ್ನು. ಆಗಲೂ ಸುಮ್ಮನಿದ್ದೆ. ಈಗ ಸುಮ್ಮನಿರಲಾರೆ. ರಾತ್ರಿ ಎಡಮಗ್ಗುಲಿಗೆ ಹೊರಳಿದರೂ ನಿನ್ನ ಕೊರಳು ಕಾಣುತ್ತದೆ, ಬಲಮಗ್ಗುಲಿಗೆ ಹೊರಳಿದರೂ ಅದೇ. ಆ ಕರಡಿಗೆ ಅಮ್ಮನ ನಂತರ ನನಗೆ ಬರಬೇಕಾದ್ದು. ಅದಕ್ಕಿಂತ ಹೆಚ್ಚಾಗಿ, ಅಮ್ಮನ ಮೈಶಾಖಕ್ಕೆ ಮೂವತ್ತು ವರ್ಷ ಅಂಟಿಕೊಂಡಿದ್ದ ವಸ್ತು ಅದು. ನಿನ್ನ ಮೈಮೇಲೆ ಅದಕ್ಕೇನು ಕೆಲಸ?

ಈ ಕಾಗದ ಮುಟ್ಟಿದ ದಿನವೇ ತೆಗೆದು ಅಮ್ಮನ ಕೈಗೆ ಕೊಡು. ಕೊಟ್ಟೆ ಎಂದು ಬರೆ.

ಪ್ರಿಯದರ್ಶಿನಿ


ಕಾಗದನಗರ
29-8-1998

ಪ್ರಿಯಕ್ಕನಿಗೆ,

ನಿಮ್ಮ ಕಾಗದ ಎರಡು ಸಲ ಓದಿದೆ. ಅತ್ತೆ ‘ಏನು ಬರ್ದಿದಾಳೆ, ಓದು’ ಎಂದರು. ಹಬ್ಬ ಚೆನ್ನಾಗಿ ಆಯಿತಂತೆ, ಮಗು ಒದೆಯುತ್ತಿದೆಯಂತೆ ಎಂದು ನಾನೇ ಕಟ್ಟಿ ಓದಿದೆ. ಬಾಗಿನ ಕಳಿಸಲಿಲ್ಲವೆಂದು ಅವರು ಕಣ್ಣೀರು ಹಾಕಿದರು. ಅವರ ಮುಂದೆ ಸುಳ್ಳು ಓದಿದ್ದು ಇದೇ ಮೊದಲು.

ಕರಡಿಗೆ ಈಗ ತೆಗೆಯಲು ಆಗುವುದಿಲ್ಲ. ಯಾಕೆ ಎಂಬುದನ್ನು ನಿಮಗೆ ಹೇಳುವುದಿಲ್ಲವೆಂದು ನಿಮ್ಮಪ್ಪಾಜಿ ವೀರಪ್ಪ ಮಾವನ ಮುಂದೆ ಆಣೆ ಇಟ್ಟಿದ್ದೇನೆ. ನಿಮ್ಮ ಜಾಗಕ್ಕೆ ನಾನು ಬಂದಿಲ್ಲ ಅಕ್ಕ. ಆ ಮನೆಯಲ್ಲಿ ನಿಮ್ಮ ಜಾಗಕ್ಕೆ ಬೀಗ ಹಾಕಿದೆ, ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ, ಆದರೆ ನೀವು ಬೆಕ್ಕು ಗಿಕ್ಕು ಎಂದೆಲ್ಲ ಬರೆದಿದ್ದೀರಿ. ಮೇ ತಿಂಗಳಲ್ಲಿ ನೀವು ಬಂದಾಗ ಬ್ಲೌಸಿಗೆ ಅಳತೆ ತೆಗೆದುಕೊಂಡವಳು ನಾನು. ನಿಮ್ಮ ಕೊರಳಿನಲ್ಲಿ ಶಿವದಾರ ಇರಲಿಲ್ಲ. ಸೀರೆಯಲ್ಲಿ ಉಬ್ಬಿ ಕಾಣುತ್ತದೆ, ದೇವರ ಕೋಣೆಯ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೇನೆ, ಅಮ್ಮನಿಗೆ ಹೇಳಬೇಡ ಎಂದಿರಿ. ನಾನು ಹೇಳಿಲ್ಲ. ಅವರ ಗುಟ್ಟು ನಿಮಗೆ ಹೇಳುತ್ತಿಲ್ಲ, ನಿಮ್ಮ ಗುಟ್ಟು ಅವರಿಗೆ ಹೇಳುತ್ತಿಲ್ಲ. ನನ್ನ ಬಾಯಿಗೆ ನೀವೆಲ್ಲ ಸೇರಿ ಹೊಲಿಗೆ ಹಾಕಿ ಇಟ್ಟಿದ್ದೀರಿ.

ಕವನ


ಹೊಸಮನೆ, ಶಿವಮೊಗ್ಗ
2-9-1998

ಕುಮಾರಿ ಕವನಾ ಅವರಿಗೆ,

ಬೆದರಿಕೆ ಹಾಕುವಷ್ಟು ದೊಡ್ಡವರಾಗಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನನ್ನ ಲಿಂಗ ನನ್ನ ಕೊರಳಿನಲ್ಲಿರಲಿ, ಡಬ್ಬಿಯಲ್ಲಿರಲಿ, ಅದು ನನ್ನದು. ಇನ್ನೊಬ್ಬರ ತಾಯಿಯದನ್ನು ನಾನು ನೇತು ಹಾಕಿಕೊಂಡಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಹೇಳಬೇಕೆಂದಿದ್ದರೆ ಧಾರಾಳವಾಗಿ ಅಮ್ಮನಿಗೆ ಹೇಳಿ.

ಅಪ್ಪಾಜಿಗೂ ಬರೆದೆ. ‘ಈಗ ಸುಮ್ಮನಿರಮ್ಮ, ಹೆರಿಗೆಯಾಗಲಿ’ ಎಂದು ಎರಡು ಸಾಲು ಬಂತು. ಮನೆಯವರನ್ನು ಕೇಳಿದರೆ ಮಾತು ಮರೆಸುತ್ತಾರೆ, ಈಗಂತೂ ಮೌಲ್ಯಮಾಪನವೆಂದು ಹದಿನೈದು ದಿನ ಮೈಸೂರಿಗೆ ಹೊರಟಿದ್ದಾರೆ. ಎಲ್ಲರೂ ನಿಮ್ಮ ಕಡೆ. ಬಸುರಿ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ನೀವೆಲ್ಲ ಕೂತು ಆಡಿಕೊಳ್ಳುತ್ತೀರೇನೋ.

ಅದಕ್ಕೇ ಓಲ್ಡ್ ಟೌನಿನ ಉಜ್ಜನಪ್ಪ ದೊಡ್ಡಪ್ಪನಿಗೆ ಬರೆದು ಹಾಕಿದ್ದೇನೆ. ಅಪ್ಪಾಜಿಯ ಅಣ್ಣ, ನಮ್ಮ ಮನೆತನದ ಹಿರಿಯರು. ಅವರ ಮುಂದೆ ನಿಮ್ಮ ಆಣೆಗೀಣೆ ನಡೆಯುವುದಿಲ್ಲ.

ಪ್ರಿಯದರ್ಶಿನಿ


ಹೊಸಮನೆ, ಶಿವಮೊಗ್ಗ
11-9-1998, ಶುಕ್ರವಾರ

ಕವನಾ,

ನಿನ್ನೆ ಸಂಜೆ ದೊಡ್ಡಪ್ಪ ಬಂದು ಕರಡಿಗೆ ಕೊಟ್ಟು ಹೋದರು. ಅಂಗಿ ಜೇಬಿನಲ್ಲಿ ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ‘ಜಗಲಿ ಮೇಲೆ ಕೂತು ಬ್ಲೌಸ್ ಹೊಲೀತಾ ಇದ್ಲು ಕಣಮ್ಮ. ನಿಮ್ಮಮ್ಮ ಒಳಗೆ ಮಲಗಿದ್ದಳಂತೆ, ಎಬ್ಬಿಸ್ಲಿಲ್ಲ. ಮಗಳು ಕೇಳಿದಾಳೆ, ಕೊಡು ಅಂದೆ. ಒಂದು ಮಾತಾಡ್ದೆ ತೆಗೆದುಕೊಟ್ಲು’ ಎಂದರು. ಇಷ್ಟು ಸಲೀಸಾಗಿ ಕೊಡುವವಳು ನನಗೆ ಯಾಕೆ ಅಷ್ಟು ಆಟ ಆಡಿಸಿದೆ?

ಈಗ ಅದು ನಮ್ಮ ದೇವರ ಕೋಣೆಯಲ್ಲಿದೆ. ಮುಚ್ಚಳ ತೆಗೆದು ನೋಡಿದೆ. ಮೂಗಿನ ಹತ್ತಿರ ಹಿಡಿದೆ. ವಿಭೂತಿಯ ವಾಸನೆಯ ಜೊತೆಗೆ ನಿನ್ನ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ ಬಂತು. ಗೆದ್ದ ಖುಷಿ ಅಲ್ಲಿಗೆ ಅರ್ಧ ಇಳಿಯಿತು.

ಇವತ್ತು ಮಧ್ಯಾಹ್ನ ಅಪ್ಪಾಜಿ ಬಂದಿದ್ದರು. ಪಾಳಿ ಬಿಟ್ಟು ಬಂದಿದ್ದರು, ಕಾಫಿ ಕುಡಿಯಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ‘ಅದನ್ನ ಕೊಟ್ಬಿಡಮ್ಮ, ನಿಮ್ಮಮ್ಮನಿಗೆ ಬೇಕಂತೆ’ ಎಂದರು. ಅಮ್ಮನಿಗೆ ಬೇಕೋ ಕವನಾಗೆ ಬೇಕೋ ಎಂದು ಕೇಳಿದೆ. ಮತ್ತೆ ಅವಳ ಕೊರಳಿಗೆ ಹೋಗೋದಾದ್ರೆ ಕೊಡಲ್ಲ, ಬೇಕಾದ್ರೆ ಅಮ್ಮನೇ ಬಂದು ಕೇಳಲಿ, ಅವಳ ಕೈಗೇ ಕೊಡ್ತೀನಿ ಎಂದೆ. ಅಪ್ಪಾಜಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಎದ್ದು ಹೋದರು. ಅವರು ಹಾಗೆ ತಲೆ ತಗ್ಗಿಸಿಕೊಂಡು ಹೋದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಇಷ್ಟು ದಿನ ನನ್ನನ್ನು ಹೊರಗಿಟ್ಟವರು ಒಂದು ದಿನ ಅನುಭವಿಸಲಿ.

ಅಮ್ಮ ಬರುತ್ತಾಳೆ. ಕೈನೋವಿದ್ದರೂ ಬರುತ್ತಾಳೆ. ಅವಳು ಬರಲಿ ಎಂದೇ ಇಷ್ಟೆಲ್ಲ ಮಾಡಿದ್ದೇನೆ ಎಂದು ನಿನಗೆ ಅರ್ಥವಾಗಬೇಕಿತ್ತು.

ಪ್ರಿಯದರ್ಶಿನಿ


ಕಾಗದನಗರ
12-9-1998, ಶನಿವಾರ ಬೆಳಿಗ್ಗೆ
(ಬಸ್ ಕಂಡಕ್ಟರ್ ಜಯಪ್ಪನವರ ಕೈಯಲ್ಲಿ)

ಪ್ರಿಯಕ್ಕ,

ಇದನ್ನು ಓದುವ ಮೊದಲು ನಿಮ್ಮ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ತಾಯಿ ಬದುಕಿದ್ದಾರೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಅವರಿಗೆ ಎದೆಯಲ್ಲಿ ಗಡ್ಡೆಯಾಗಿತ್ತು. ಆಗಸ್ಟ್ ಆರನೇ ತಾರೀಕು ಆಪರೇಷನ್ ಆಯಿತು. ಬಲಗಡೆಯದನ್ನು ಪೂರ್ತಿ ತೆಗೆದಿದ್ದಾರೆ. ಆಪರೇಷನ್ ಆದದ್ದು ಶಿವಮೊಗ್ಗದಲ್ಲೇ, ನಿಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಎಂಟು ದಿನ ಅಲ್ಲಿದ್ದೆವು. ಜ್ಞಾನೇಶಣ್ಣ ದಿನಾ ಕಾಲೇಜಿನಿಂದ ಬಂದು ಹೋಗುತ್ತಿದ್ದರು. ನಿಮಗೆ ಹೇಳಬಾರದು ಎಂದದ್ದು ಅತ್ತೆ. ಹಿಂದಿನ ಸಲ ಅಜ್ಜಿ ತೀರಿಕೊಂಡ ಸುದ್ದಿ ಕೇಳಿದ ವಾರದಲ್ಲೇ ನಿಮ್ಮ ಹೊಟ್ಟೆಯದು ಇಳಿದುಹೋಯಿತಲ್ಲ, ಆ ಭಯ. ‘ನನ್ನ ಸುದ್ದಿ ಕೇಳಿ ಇದೂ ಹೋದ್ರೆ ನಾನು ಬದುಕಿ ಏನ್ ಮಾಡ್ಲಿ’ ಎಂದರು. ಮಾವ ಜ್ಞಾನೇಶಣ್ಣನಿಂದಲೂ ನನ್ನಿಂದಲೂ ಆಣೆ ಹಾಕಿಸಿಕೊಂಡರು. ಉಜ್ಜನಪ್ಪನವರಿಗೂ ಹೇಳಿಲ್ಲ.

ಇನ್ನು ಕರಡಿಗೆಯ ವಿಷಯ. ಥಿಯೇಟರಿಗೆ ಕರೆದುಕೊಂಡು ಹೋಗುವಾಗ ನರ್ಸಮ್ಮ ತಾಳಿ, ಬಳೆ, ಎಲ್ಲ ತೆಗೆಯಬೇಕು ಎಂದರು. ತಾಳಿ ಬಿಚ್ಚಿಕೊಟ್ಟರು, ಕರಡಿಗೆ ಮಾತ್ರ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಚೀಲದಲ್ಲಿ ಹಾಕಿಡಿ ಎಂದರೆ, ‘ಚೀಲದಲ್ಲಿ ಇಡೋಕೆ ಇದೇನು ಬಾಳೆಹಣ್ಣಾ? ದೀಕ್ಷೆ ಆದಾಗಿಂದ ಮೈ ಬಿಟ್ಟಿಲ್ಲ ಇದು. ಉಸಿರಾಡೋ ಮೈಮೇಲೇ ಇರ್ಬೇಕು’ ಎಂದರು. ಮಾವ ಕೈ ಚಾಚಿದರು. ‘ನಿಮ್ಮದು ನಿಮ್ಮ ಕೊರಳಲ್ಲಿದೆ, ಒಂದು ಮೈಗೆ ಒಂದೇ’ ಎಂದರು. ಜ್ಞಾನೇಶಣ್ಣನದೂ ಅವರ ಕೊರಳಲ್ಲಿತ್ತು. ನಾನು ಮೂಲೆಯಲ್ಲಿ ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದೆ. ನನ್ನ ಕಡೆ ತಿರುಗಿ, ‘ಕವನಾ, ನಿನ್ನ ಕೊರಳು ಖಾಲಿ ಇದೆಯಲ್ಲೇ. ಬಾ ಇಲ್ಲಿ’ ಎಂದರು.

ಅಷ್ಟೇ ಅಕ್ಕ ನಡೆದದ್ದು. ಅಮ್ಮ ಎಂದು ಕರೆದದ್ದು ಆಸ್ಪತ್ರೆಯಲ್ಲಿ. ಮಗಳಾ ಎಂದು ನರ್ಸಮ್ಮ ಕೇಳಿದಾಗ ಹೌದು ಎಂದಿದ್ದೆ, ಇಲ್ಲದಿದ್ದರೆ ರಾತ್ರಿ ಒಳಗೆ ಬಿಡುತ್ತಿರಲಿಲ್ಲ. ಬಾಯಿಗೆ ರೂಢಿಯಾಗಿಹೋಯಿತು.

ಹೊಲಿಗೆ ಬಿಚ್ಚಿದ ಮೇಲೆ ವಾಪಸು ಹಾಕಿಕೊಳ್ಳುವುದು ಎಂದಾಗಿತ್ತು. ಆದರೆ ಗಾಯ ಒಂದು ಕಡೆ ಕೀವು ಕಟ್ಟಿ ಮತ್ತೆ ತೆರೆದರು. ಎದೆಯ ತುಂಬ ಪಟ್ಟಿ, ಕರಡಿಗೆ ತಾಗಿದರೆ ಜೀವ ಹೋಗುವಷ್ಟು ನೋವು. ಅದಕ್ಕೇ ಇಷ್ಟು ದಿನವಾಯಿತು. ಬ್ಲೌಸುಗಳೂ ಅದಕ್ಕೇ, ಬಲಗಡೆ ಒಳಗೆ ಹತ್ತಿ ಇಟ್ಟು ಹೊಲಿದಿದ್ದೇನೆ, ನೋಡಿದವರಿಗೆ ಗೊತ್ತಾಗಬಾರದೆಂದು.

ಗುರುವಾರ ದೊಡ್ಡಪ್ಪನವರು ಬಂದಾಗ ಅತ್ತೆ ಮಾತ್ರೆ ನುಂಗಿ ನಿದ್ದೆ ಮಾಡುತ್ತಿದ್ದರು. ‘ಮೀನು ತಿನ್ನೋ ಕೊರಳಿಗೆ ಇದು ಬೇಕಾ?’ ಎಂದು ಬೀದಿಗೆ ಕೇಳುವ ಹಾಗೆ ಕೇಳಿದರು. ನಾನು ಯಾವ ಹಕ್ಕಿನಿಂದ ಇಲ್ಲ ಎನ್ನಲಿ? ತೆಗೆದುಕೊಟ್ಟೆ. ಎದ್ದ ಮೇಲೆ ಅತ್ತೆ ನನ್ನ ಕೊರಳು ನೋಡಿದರು. ಲಿಂಗಪೂಜೆಯಾಗದೆ ಅವರು ಬಾಯಿಗೆ ಏನೂ ಹಾಕುವುದಿಲ್ಲ, ನಿಮಗೆ ಗೊತ್ತು. ಗುರುವಾರ ರಾತ್ರಿಯಿಂದ ಊಟವಿಲ್ಲ. ಮಾತ್ರೆ ಇಳಿಯುವಷ್ಟು ನೀರು, ಅದೂ ನಾನು ಅತ್ತು ಕರೆದ ಮೇಲೆ. ನಿನ್ನೆ ಮಾವ ನಿಮ್ಮಲ್ಲಿಗೆ ಬಂದು ಬರಿಗೈಲಿ ವಾಪಸು ಬಂದರು. ‘ಅವಳಿಗೆ ಹೇಳಿದ್ರಾ?’ ಎಂದು ಅತ್ತೆ ಕೇಳಿದರು. ‘ಇಲ್ಲ’ ಎಂದರು. ‘ಒಳ್ಳೇದು ಮಾಡಿದ್ರಿ’ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಇವತ್ತು ಬೆಳಿಗ್ಗೆ ಮೈ ಬಿಸಿಯಿದೆ, ಕೂರಿಸಿದರೆ ತಲೆ ವಾಲುತ್ತದೆ.

ಆಣೆ ಮುರಿದಿದ್ದೇನೆ. ನಿಮಗೇನಾದರೂ ಆದರೆ ಅದು ನನ್ನ ತಲೆಗೆ. ಇಬ್ಬರಲ್ಲಿ ಯಾರನ್ನು ಉಳಿಸಲಿ ಎಂದು ರಾತ್ರಿಯೆಲ್ಲ ಕೂತು, ಇಬ್ಬರನ್ನೂ ಉಳಿಸೋಣವೆಂದು ಬರೆದಿದ್ದೇನೆ. ಕರಡಿಗೆ ಕಳಿಸಿಕೊಡಿ.

ಕವನ


ಹೊಸಮನೆ
12-9-1998, ಶನಿವಾರ ಹತ್ತೂವರೆ
(ಅದೇ ಬಸ್ಸಿನಲ್ಲಿ ಜಯಪ್ಪನವರ ಕೈಯಲ್ಲಿ)

ಕವನಾ,

ನೀನು ಬಾ. ಈ ಕಾಗದ ಸಿಕ್ಕ ಕೂಡಲೇ, ಅದೇ ಬಸ್ಸು ತಿರುಗಿ ಬರುವಾಗ ಹತ್ತಿಕೊಂಡು ಬಾ. ಅಷ್ಟು ಹೊತ್ತು ಅಮ್ಮನ ಹತ್ತಿರ ಕರಿಬಸಮ್ಮನವರನ್ನು ಕೂರಿಸು.

ನನಗೇನೂ ಆಗಿಲ್ಲ. ಮಗು ಒದೆಯುತ್ತಿದೆ. ಎದ್ದು ಚಪ್ಪಲಿ ಮೆಟ್ಟಿದೆ, ಗೇಟಿನವರೆಗೆ ಹೋದೆ, ನಮ್ಮತ್ತೆ ರಟ್ಟೆ ಹಿಡಿದು ಕರೆತಂದು ಮಲಗಿಸಿದರು. ‘ನೀನು ಬಸ್ಸಲ್ಲಿ ಹೋಗಿ ಏನಾದ್ರೂ ಆದ್ರೆ, ನಿಮ್ಮಮ್ಮ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಆಗುತ್ತೆ’ ಎಂದರು. ಹಾಗಾದರೆ ನೀವೇ ತಗೊಂಡು ಹೋಗಿ ಅತ್ತೆ ಎಂದೆ. ‘ನನ್ನ ಕೊರಳಲ್ಲಿ ನನ್ನದಿದೆ, ಚೀಲದಲ್ಲಿ ಹಾಕ್ಕೊಂಡು ಹೋದ್ರೆ ನಿಮ್ಮಮ್ಮ ಒಪ್ತಾಳಾ? ನಿನ್ನದೆಲ್ಲಿ?’ ಎಂದರು. ಡಬ್ಬಿ ತೋರಿಸಿದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಈ ಮನೆಯಲ್ಲಿ ಖಾಲಿ ಕೊರಳು ನನ್ನದೊಂದೇ. ಅಮ್ಮನ ಕರಡಿಗೆಯನ್ನು ಈಗ ನಾನೇ ಹಾಕಿಕೊಂಡಿದ್ದೇನೆ. ನೀನು ಬರುವವರೆಗೆ ಇದು ಉಸಿರಾಡುವ ಮೈಮೇಲೆ ಇರುತ್ತದೆ ಎಂದು ಅಮ್ಮನಿಗೆ ಹೇಳು. ಆ ಮುದುಕ ಜೇಬಿನಲ್ಲಿ ತಂದದ್ದು, ಎರಡು ರಾತ್ರಿ ದೇವರ ಗೂಡಿನಲ್ಲಿಟ್ಟದ್ದು ಹೇಳಬೇಡ.

ಒಂದು ಮಾತು ಬರೆದೇ ಬಿಡುತ್ತೇನೆ. ನಿನ್ನ ಕಾಗದ ಓದುವಾಗ ನನಗೆ ಮೊದಲು ಚುಚ್ಚಿದ್ದು ಅಮ್ಮನ ಎದೆ ಕೊಯ್ದರು ಎಂಬುದಲ್ಲ. ಅದು ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂಬುದು. ಅಳು ಬಂದದ್ದು ಆಮೇಲೆ. ಎಂಥ ಮಗಳು ನಾನು ಎಂದು ನೀನು ಕೇಳುವ ಮೊದಲೇ ನಾನು ಕೇಳಿಕೊಂಡಿದ್ದೇನೆ.

ಬೇರೆ ಯಾರ ಕೈಗೂ ಕೊಡುವುದಿಲ್ಲ. ನೀನೇ ಬಾ.

ಪ್ರಿಯ


ಕಾಗದನಗರ
20-9-1998, ಭಾನುವಾರ

ಪ್ರಿಯಕ್ಕನಿಗೆ,

ಅತ್ತೆ ಎದ್ದು ಕೂರುತ್ತಿದ್ದಾರೆ. ಜ್ವರ ಬಿಟ್ಟಿದೆ. ಎರಡು ಹೊತ್ತು ಗಂಜಿ, ಒಂದು ಹೊತ್ತು ಅನ್ನ. ಗಾಯ ಒಣಗುತ್ತಿದೆ ಎಂದು ಡಾಕ್ಟರು ಹೇಳಿದರು. ಇನ್ನು ಮುಂದೆ ಏನೇ ಇದ್ದರೂ ನಿಮಗೆ ತಿಳಿಸಬೇಕು ಎಂದು ಅತ್ತೆಯೇ ಹೇಳಿದ್ದಾರೆ, ಅದಕ್ಕೆ ಎಲ್ಲ ಬರೆಯುತ್ತಿದ್ದೇನೆ. ಅವರು ಹೇಳಿ ಬರೆಸಿದ ಕಾಗದ ಬೇರೆ ಇಟ್ಟಿದ್ದೇನೆ. ಇದು ನನ್ನದು.

ಅವತ್ತು ನಿಮ್ಮ ಮನೆಯಲ್ಲಿ ನೀವು ಕರಡಿಗೆಯನ್ನು ನಿಮ್ಮ ಕೊರಳಿನಿಂದ ಬಿಚ್ಚಿದಿರಿ, ನಾನು ಜಡೆ ಪಕ್ಕಕ್ಕೆ ಸರಿಸಿ ನಿಂತೆ, ನೀವು ಹಿಂದಿನಿಂದ ಕಟ್ಟಿದಿರಿ. ಇನ್ನೇನು ಮುಗಿಯಿತು ಎಂದುಕೊಂಡರೆ ಇನ್ನೊಂದು ಸಲ ಎಳೆದಿರಿ. ಸಿಟ್ಟಿನಿಂದಲೋ, ಬಸ್ಸಿನಲ್ಲಿ ಬಿಚ್ಚಿಹೋಗಬಾರದು ಎಂದೋ, ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಒರಗಿಸಿ ಕೂರಿಸಿದೆ. ಪೂಜೆ ಮಾಡಿದರು. ಹಾಲು ಕುಡಿದರು. ಆಮೇಲೆ ‘ಇನ್ನು ನನಗೇ ಹಾಕ್ಬಿಡು, ನೋವಾದ್ರೆ ಆಗ್ಲಿ. ಇನ್ನೊಂದು ಸಲ ಇದು ಊರು ಸುತ್ತೋದು ಬೇಡ’ ಎಂದರು. ಪಟ್ಟಿಗೆ ತಾಗದ ಹಾಗೆ ದಾರ ಸ್ವಲ್ಪ ಗಿಡ್ಡ ಮಾಡೋಣವೆಂದು ಗಂಟು ಬಿಚ್ಚಲು ಕೂತೆ. ಬರಲಿಲ್ಲ. ಉಗುರಿನಲ್ಲಿ ಬರಲಿಲ್ಲ, ಸೂಜಿಯಲ್ಲಿ ಬರಲಿಲ್ಲ. ನಾನು ಹೊಲಿಗೆಯವಳು, ನನಗೆ ಬಿಚ್ಚಲಾಗದ ಗಂಟಿಲ್ಲ ಎಂದುಕೊಂಡಿದ್ದೆ. ಅತ್ತೆ ‘ಕೊಡಿಲ್ಲಿ’ ಎಂದು ಎಡಗೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಆ ಗಂಟನ್ನು ಒಮ್ಮೆ ಸವರಿ ನೋಡಿದರು. ನಗಲು ಶುರು ಮಾಡಿದರು.

‘ಪ್ರಿಯ ಕಟ್ಟಿದ್ದಲ್ವಾ ಇದು? ಎರಡು ಸುತ್ತು ಹಾಕಿ ಎಳೀತಾಳೆ. ಚಿಕ್ಕೋಳಿದ್ದಾಗಿಂದ ಹಾಗೇ. ಅವಳ ಲಂಗದ ಲಾಡಿ ಬಿಚ್ಚೋಕೆ ದಿನಾ ನಾನು ಹಲ್ಲು ಹಾಕ್ಬೇಕಾಗ್ತಿತ್ತು ಮಾರಾಯ್ತಿ.’

ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅವತ್ತೇ. ನಕ್ಕರೆ ಹೊಲಿಗೆ ಎಳೆಯುತ್ತದೆ, ಅದಕ್ಕೆ ಎದೆ ಹಿಡಿದುಕೊಂಡು ನಕ್ಕರು. ಕತ್ತರಿಸಿ ಹೊಸ ದಾರ ಹಾಕಲೇ ಎಂದು ಕೇಳಿದೆ. ‘ಬೇಡ, ಅವಳು ಕಟ್ಟಿದ್ದು ಹಾಗೇ ಇರ್ಲಿ’ ಎಂದರು. ತಲೆಯ ಮೇಲಿನಿಂದ ಹಾಕಿದೆ. ಪಟ್ಟಿಗೆ ತಾಗುತ್ತದೆ, ನೋಯುತ್ತದೆ, ಆದರೂ ಹಾಗೇ ಇಟ್ಟುಕೊಂಡಿದ್ದಾರೆ.

ನನಗೆ ಹೊಟ್ಟೆ ಉರಿಯಿತು ಅಕ್ಕ. ನೀವು ಬರೆದಿದ್ದಿರಲ್ಲ, ಮಗ್ಗುಲು ಹೊರಳಿದರೆ ನಿದ್ದೆಯಿಲ್ಲ ಎಂದು, ಅದು ಹೇಗಿರುತ್ತದೆ ಎಂದು ಈಗ ಗೊತ್ತಾಗಿದೆ. ಮೂವತ್ತಾರು ದಿನ ಆ ದಾರವನ್ನು ಬಿಚ್ಚಿ ಕಟ್ಟಿ ಮಾಡಿದವಳು ನಾನು. ರಾತ್ರಿ ಬೋರಲು ಮಲಗಿಲ್ಲ, ನೀರಿನ ಕೊಡ ಎದೆಗೆ ಆನಿಸಿ ಎತ್ತಿಲ್ಲ, ನಮ್ಮವ್ವನ ಹತ್ತಿರ ಬೈಸಿಕೊಂಡೆ, ನಿಮ್ಮ ದೊಡ್ಡಪ್ಪನ ಹತ್ತಿರ ಬೀದಿಯಲ್ಲಿ ಅನ್ನಿಸಿಕೊಂಡೆ. ನನ್ನ ಗಂಟು ಹೇಗಿರುತ್ತದೆ ಎಂದು ಅತ್ತೆಯನ್ನು ಕೇಳಿ ನೋಡಿ, ಅವರಿಗೆ ಗೊತ್ತಿಲ್ಲ. ನೀವು ಒಂದೇ ಸಲ ಕಟ್ಟಿದಿರಿ, ಕಣ್ಣು ಮುಚ್ಚಿಕೊಂಡು ಗುರುತು ಹಿಡಿದರು.

ಅವರು ನನಗೆ ಕೊಟ್ಟದ್ದು ನಾನು ಕವನ ಎಂದಲ್ಲ. ಅವತ್ತು ಆ ಕೋಣೆಯಲ್ಲಿ ಖಾಲಿ ಕೊರಳು ನನ್ನದೊಂದೇ ಇತ್ತು. ಬೇರೆ ಯಾರದಾದರೂ ಇದ್ದಿದ್ದರೆ ಅವರಿಗೆ ಕೊಡುತ್ತಿದ್ದರು. ಇಷ್ಟಕ್ಕೆ ನೀವು ಒಂದು ತಿಂಗಳು ನಿದ್ದೆಗೆಟ್ಟಿರಲ್ಲ, ನೆನೆಸಿಕೊಂಡರೆ ನಗು ಬರುತ್ತದೆ, ಅಳುವೂ ಬರುತ್ತದೆ.

ಹೆರಿಗೆಗೆ ಇಲ್ಲಿಗೇ ಕರೆಸಿಕೊಳ್ಳಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ. ಡಾಕ್ಟರಮ್ಮ ಒಪ್ಪಿದರೆ ಕಾರು ಮಾಡಿಕೊಂಡು ಬನ್ನಿ. ನೀವು ಬಂದ ಮೇಲೆ ಆ ಮನೆಗೆ ನಾನು ಹೋಗುವುದು ಕಡಿಮೆ ಮಾಡುತ್ತೇನೆ ಎಂದು ಬರೆದು ಈ ಕಾಗದ ಮುಗಿಸಬೇಕು ಎಂದುಕೊಂಡಿದ್ದೆ. ಬರೆಯಲು ಕೈ ಬರಲಿಲ್ಲ. ಇನ್ನು ನಾನು ಅಲ್ಲಿಗೆ ಹೋಗಲು ಕಾರಣವೇನೂ ಉಳಿದಿಲ್ಲ, ಆದರೂ ಬೆಳಿಗ್ಗೆ ಎದ್ದರೆ ಕಾಲು ಆ ಕಡೆಗೇ ಹೋಗುತ್ತದೆ. ನೀವು ಬಂದಾಗಲೂ ನಾನು ಬೆಳಿಗ್ಗೆ ಬಂದು ಬಾಗಿಲು ತಟ್ಟುತ್ತೇನೆ. ಅತ್ತೆಗೆ ಏಳಲು ಆಗುವುದಿಲ್ಲ, ಮಾವ ಪಾಳಿಗೆ ಹೋಗಿರುತ್ತಾರೆ. ನೀವೇ ಎದ್ದು ಬಂದು ತೆಗೆಯಬೇಕಾಗುತ್ತದೆ.

ಕವನ